ಬೀಗವಿಲ್ಲದ ಅಂಗಡಿ

ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಗ್ಝಿಬೊವ್ಸ್ಕಾ ಅನ್ನುವ ಬೀದಿಯಿದೆ. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಅಲ್ಲಿನ ಒಂದು ಶಾಲೆಯಲ್ಲಿ ರಜಾದಿನಗಳಂದು ಕಂಪ್ಯೂಟರ್ ಸಂತೆ ಸೇರುತ್ತಿತ್ತು. ಮೇಜುಗಳ ಮೇಲೆ ಕ್ಯಾಸೆಟ್ಟು, ಫ್ಲಾಪಿ, ಆಮೇಲಾಮೇಲೆ ಸಿಡಿ. ಎಲ್ಲವೂ ನಕಲು. ಕಂಪನಿಯ ಅಸಲಿ ಡಬ್ಬಿ ಬೇಕೆಂದರೂ ಮಾರುವವರಿರಲಿಲ್ಲ. ಕಂಪ್ಯೂಟರ್ ಪ್ರೋಗ್ರಾಮಿಗೆ ರಕ್ಷಣೆ ಕೊಡುವ ಹಕ್ಕುಸ್ವಾಮ್ಯ ಕಾಯ್ದೆ ಪೋಲೆಂಡಿಗೆ ಬಂದದ್ದೇ 1994ರಲ್ಲಿ. ಅಲ್ಲಿಯವರೆಗೆ ನಕಲು ಮಾಡಿ ಮಾರುವುದು ಕಳ್ಳತನ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಆ ಸಂತೆಯಲ್ಲಿ ಆಟಗಳನ್ನು ಮಾರುತ್ತಿದ್ದವರಲ್ಲಿ ಇಬ್ಬರು ಶಾಲಾ ಗೆಳೆಯರಿದ್ದರು: ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ. ನಕಲು ತಡೆಯುವ ಬೀಗ ಹಾಕದೆ ಆಟ ಮಾರುವ, ಇವತ್ತು ಜಗತ್ತಿನಲ್ಲೇ ಹೆಸರಾದ ಆನ್‌ಲೈನ್ ಅಂಗಡಿ ಹುಟ್ಟಿದ್ದು ಈ ಇಬ್ಬರ ಕೈಯಲ್ಲಿ.

ಆ ಸಂತೆಯ ವಿವರ ಓದಿದಾಗ ನನಗೆ ವಾರ್ಸಾ ದೂರದ ಊರು ಅನ್ನಿಸಲಿಲ್ಲ. ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ, ಕೆಟ್ಟರೆ ರಿಪೇರಿ ಮಾಡುವ ಅಂಗಡಿಯವನು. ರಾತ್ರಿ ಬಸ್ಸಿಗೆ ಹೊರಟು ಬೆಳಗಾಗುವಷ್ಟರಲ್ಲಿ ಬೆಂಗಳೂರು ಮುಟ್ಟಿ, ಎಸ್.ಪಿ. ರೋಡಿನಲ್ಲಿ ರ್‍ಯಾಮು, ಹಾರ್ಡ್ ಡಿಸ್ಕು, ಮದರ್‌ಬೋರ್ಡು ಕೊಂಡು ವಾಪಸಾಗುವಾಗ ಮೆಜೆಸ್ಟಿಕ್ ಸುತ್ತಮುತ್ತ ಗೇಮ್ ಸಿಡಿಗಳನ್ನೂ ಚೀಲಕ್ಕೆ ಹಾಕಿಕೊಳ್ಳುವುದು ಆಗಿನ ವಾಡಿಕೆ. ಹೊಸ ಕಂಪ್ಯೂಟರ್ ಒಯ್ಯುವ ಗಿರಾಕಿ ಕೊನೆಗೆ ಕೇಳುತ್ತಿದ್ದದ್ದು ಒಂದೇ: "ಅಣ್ಣಾ, ಹುಡುಗರಿಗೆ ಒಂದಿಷ್ಟು ಗೇಮ್ಸ್ ಹಾಕಿಕೊಡ್ರಿ." ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೂ 1994ರಲ್ಲೇ ತಿದ್ದುಪಡಿಯಾಗಿ, ನಕಲಿ ಪ್ರೋಗ್ರಾಮ್ ಎಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಎಂದು ಬರೆದಾಗಿತ್ತು. ಹಾಗೊಂದು ಕಾನೂನಿದೆ ಎಂಬ ಸುದ್ದಿ ನಮ್ಮ ಕೌಂಟರಿನವರೆಗೆ ಬಂದಿರಲಿಲ್ಲ.

ಆಟ ತಯಾರಿಸುವವರು ಸುಮ್ಮನೆ ಕೂತಿದ್ದರೆಂದಲ್ಲ. ಅವರ ಬೀಗಗಳ ಚರಿತ್ರೆಯೇ ಒಂದು ತಮಾಷೆ. 1985ರಲ್ಲಿ ಇಂಗ್ಲೆಂಡಿನಲ್ಲಿ 'ಲೆನ್ಸ್‌ಲಾಕ್' ಎಂಬ ಪ್ಲಾಸ್ಟಿಕ್ ಮಸೂರವನ್ನು ಆಟದ ಜೊತೆ ಕೊಡುತ್ತಿದ್ದರು. ಟೀವಿ ಪರದೆಯ ಮೇಲೆ ಕಲಸಿಹೋದಂತೆ ಕಾಣುವ ಅಕ್ಷರಗಳನ್ನು ಅದರ ಮೂಲಕ ನೋಡಿ ಓದಿದರಷ್ಟೇ ಆಟ ಶುರು. 'ಎಲೀಟ್' ಆಟದ ಕೆಲವು ಡಬ್ಬಿಗಳಲ್ಲಿ ಬೇರೆ ಆಟದ ಮಸೂರವಿಟ್ಟು ಕಳಿಸಿಬಿಟ್ಟರು. ದುಡ್ಡು ಕೊಟ್ಟು ಕೊಂಡವರು ಆಡಲಾಗದೆ ಕೂತರು. 1990ರ 'ಮಂಕಿ ಐಲ್ಯಾಂಡ್' ಜೊತೆ ರಟ್ಟಿನ ಎರಡು ಚಕ್ರಗಳಿದ್ದವು. ಅವನ್ನು ತಿರುಗಿಸಿ, ಪರದೆಯಲ್ಲಿ ಕಂಡ ಕಡಲ್ಗಳ್ಳನ ಮುಖವನ್ನು ಹೊಂದಿಸಿ, ಸಿಕ್ಕ ಇಸವಿಯನ್ನು ಒತ್ತಬೇಕು. ನಮ್ಮ ತಲೆಮಾರಿಗೆ ಚೆನ್ನಾಗಿ ಗೊತ್ತಿರುವುದು 'ಪ್ರಿನ್ಸ್ ಆಫ್ ಪರ್ಷಿಯಾ'. ಮೊದಲ ಹಂತ ಮುಗಿಸಿದರೆ ಸಾಲಾಗಿ ಔಷಧಿ ಬಾಟಲಿಗಳಿಟ್ಟ ಕೋಣೆ. ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿಯನ್ನೇ ಕುಡಿಯಬೇಕು. ಕೈಪಿಡಿ ಯಾರು ಕಂಡಿದ್ದರು? ಒಬ್ಬರ ಫ್ಲಾಪಿಯಿಂದ ಇನ್ನೊಬ್ಬರ ಫ್ಲಾಪಿಗೆ ಹೋದ ಆಟದ ಜೊತೆ ಬಾಯಿಂದ ಬಾಯಿಗೆ ಬಂದದ್ದು 'ಪ್ರಿನ್ಸ್ ಮೆಗಾಹಿಟ್' ಎಂಬ ಮಂತ್ರ. ಡಾಸ್‌ನಲ್ಲಿ ಹಾಗೆ ಟೈಪ್ ಮಾಡಿ ಆಟ ಶುರು ಮಾಡಿದರೆ ಶಿಫ್ಟ್ ಮತ್ತು ಎಲ್ ಒತ್ತಿ ಹಂತಗಳನ್ನು ಹಾರಿಬಿಡಬಹುದಿತ್ತು. ಕರ್ನಾಟಕದ ಎಷ್ಟೋ ಹುಡುಗರು ಡಾಸ್ ಕಲಿತದ್ದೇ ಅದಕ್ಕಾಗಿ.

ಸಿಡಿ ಬಂದ ಮೇಲೆ ಬೀಗ ಡಿಸ್ಕಿನೊಳಗೇ ಹೋಯಿತು. ಸೇಫ್‌ಡಿಸ್ಕ್, ಸೆಕ್ಯೂರಾಮ್, ಸ್ಟಾರ್‌ಫೋರ್ಸ್ ಎಂದೆಲ್ಲ ಹೆಸರುಗಳು. ಇವು ಬರೀ ಆಟದ ಫೋಲ್ಡರಿನಲ್ಲಿ ಇರುವ ಜಾತಿಯಲ್ಲ. ಕೆಲವು ವಿಂಡೋಸಿನ ಒಳಕ್ಕೇ ತಮ್ಮ ಡ್ರೈವರ್ ಹೂಡಿ, ಡ್ರೈವಿನಲ್ಲಿರುವುದು ಅಸಲಿ ಡಿಸ್ಕೇ ಎಂದು ತಪಾಸಣೆ ಮಾಡುತ್ತಿದ್ದವು. ಡ್ರೈವ್ ಸ್ವಲ್ಪ ಸವೆದಿದ್ದರೆ, ಡಿಸ್ಕಿನ ಮೇಲೊಂದು ಗೀರು ಬಿದ್ದಿದ್ದರೆ, ಸಿಡಿ ನಕಲು ಮಾಡುವ ಯಾವುದೋ ಸಾಫ್ಟ್‌ವೇರ್ ಅದೇ ಕಂಪ್ಯೂಟರಿನಲ್ಲಿದ್ದರೆ ಮುಗಿಯಿತು, ಆಟ ತೆರೆಯದು. ಹೀಗೆ ಒಬ್ಬ ತಂದೆ, ಮಗನ ಹಟಕ್ಕೆ ಪೂರ್ತಿ ಬೆಲೆ ಕೊಟ್ಟು ತಂದ ಅಸಲಿ ಡಿಸ್ಕನ್ನು ನನ್ನ ಮುಂದಿಟ್ಟು, "ಇದಕ್ಕಿಂತ ನಿಮ್ಮ ಮೂವತ್ತು ರೂಪಾಯಿ ಸಿಡಿನೇ ಛಲೋ ಇತ್ತಲ್ರಿ" ಎಂದಿದ್ದರು. ನಾನೇನು ಹೇಳಲಿ? ನಿಜವಾಗಿಯೂ ಛಲೋ ಇತ್ತು. ನಕಲಿಯಲ್ಲಿ ಬೀಗ ಒಡೆದೇ ಬಂದಿರುತ್ತಿತ್ತು.

ಕಂಪನಿಗಳಿಗೂ ಇದು ಗೊತ್ತಿತ್ತು. 2008ರಲ್ಲಿ 'ರೇನ್‌ಬೋ ಸಿಕ್ಸ್ ವೇಗಸ್ 2' ಆಟವನ್ನು ಡೌನ್‌ಲೋಡ್ ಮಾಡಿ ಕೊಂಡವರಿಗೆ, ಇಲ್ಲದ ಡಿಸ್ಕನ್ನು ಹಾಕು ಎನ್ನುತ್ತಿತ್ತು ಆಟ. ಅದನ್ನು ಸರಿಪಡಿಸಲು ಆಟದ ಕಂಪನಿ ಯೂಬಿಸಾಫ್ಟ್ ಕೊಟ್ಟ ಫೈಲನ್ನು ತೆರೆದು ನೋಡಿದವರಿಗೆ ಅದರೊಳಗೆ ಕಂಡದ್ದು 'ರೀಲೋಡೆಡ್' ಎಂಬ, ಆಟದ ಬೀಗ ಒಡೆದು ಹಂಚುವ ಕ್ರ್ಯಾಕ್ ಗುಂಪಿನ ಸಹಿ. ಬೀಗ ಹಾಕಿದವರೇ ಕಳ್ಳನ ಕೀಲಿಕೈ ಹಂಚಿದ್ದರು.

ಈಗ ವಾರ್ಸಾದ ಗೆಳೆಯರ ಕಡೆ ಬರೋಣ. 1994ರಲ್ಲಿ ಸುಮಾರು ಎರಡು ಸಾವಿರ ಡಾಲರ್ ಬಂಡವಾಳದಲ್ಲಿ, ಪರಿಚಯದವರ ಮನೆಯ ಒಂದು ಕೋಣೆಯಲ್ಲಿ ಅವರು 'ಸಿಡಿ ಪ್ರಾಜೆಕ್ಟ್' ಶುರು ಮಾಡಿದರು. ಅಮೆರಿಕದಿಂದ ಅಸಲಿ ಸಿಡಿ ತರಿಸಿ ಪೋಲೆಂಡಿನಲ್ಲಿ ಮಾರುವುದು ವ್ಯಾಪಾರ. ಎದುರಾಳಿ ಇನ್ನೊಂದು ಕಂಪನಿಯಲ್ಲ, ತಾವೇ ಬೆಳೆದ ಸಂತೆ. ಸಂತೆಯವನು ಅದೇ ಆಟವನ್ನು ಚಿಲ್ಲರೆ ಕಾಸಿಗೆ ಕೊಡುವಾಗ ಅಸಲಿಯನ್ನು ಯಾಕೆ ಕೊಳ್ಳಬೇಕು? ಪೊಲೀಸರನ್ನು ಕರೆಸುವ ದಾರಿಯಿತ್ತು, ಹೊಸ ಬೀಗ ಹಾಕುವ ದಾರಿಯಿತ್ತು. ಇವರು ಹಿಡಿದದ್ದು ಮೂರನೆಯದು.

1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ಭಾರೀ ಕಥೆಯಾಟ ಪೋಲೆಂಡಿಗೆ ಬಂತು. ಅದರ ರಾಶಿರಾಶಿ ಸಂಭಾಷಣೆಯನ್ನು ಪೋಲಿಷ್‌ಗೆ ತಂದು, ಹೆಸರಾಂತ ನಟರಿಂದ ದನಿ ಕೊಡಿಸಿದರು. ನಿರೂಪಕನ ದನಿ ಪ್ಯೋತ್ರ್ ಫ್ರೊಂಚೆವ್ಸ್ಕಿಯವರದು, ಅಲ್ಲಿ ಮನೆಮನೆಗೂ ಪರಿಚಿತ ನಟ. ಡಬ್ಬಿಯಲ್ಲಿ ಐದು ಸಿಡಿಗಳಷ್ಟೇ ಅಲ್ಲ, ಹಳೆಯ ಚರ್ಮಪಟದಂತೆ ಕಾಣುವ ನಕಾಶೆ, ಆಟದ ನಿಯಮಗಳ ಪುಸ್ತಕ, ಸಂಗೀತದ ಸಿಡಿ. ನಕಲು ಮಾಡುವವನೂ ಐದು ಸಿಡಿ ಬರೆಯಲೇಬೇಕಾದ್ದರಿಂದ ಅವನ ಬೆಲೆಯೂ ಏರಿ, ಎರಡರ ನಡುವಿನ ಅಂತರ ಇಳಿಯಿತು. ಇಷ್ಟಕ್ಕೇ ಸಿಗುವಾಗ ಅಸಲಿಯೇ ಇರಲಿ ಎಂದು ಜನ ಕೊಂಡರು. ಮೊದಲ ದಿನವೇ 18,000 ಡಬ್ಬಿ ಹೋದವು. ವ್ಯಾಪಾರಿಯಾಗಿ ನಾನು ತಲೆಬಾಗುವುದು ಇಲ್ಲಿಗೆ. ನಕಲಿನವನನ್ನು ಕಳ್ಳ ಎಂದು ಬೈಯದೆ, ಅವನ ಗಿರಾಕಿ ಏನನ್ನು ನೋಡಿ ಅಲ್ಲಿಗೆ ಹೋಗುತ್ತಾನೆ ಎಂದು ಲೆಕ್ಕ ಹಾಕಿದರು. ಸಂತೆಯಲ್ಲಿ ಕೂತು ಮಾರದವನಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಅದೇ ಲೆಕ್ಕ 2008ರಲ್ಲಿ ಅಂತರ್ಜಾಲಕ್ಕೆ ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡು ಸಂಗತಿ ನಡೆದವು. ಒಂದು, 'ಸ್ಪೋರ್' ಎಂಬ ಬಹುನಿರೀಕ್ಷೆಯ ಆಟ ಸೆಕ್ಯೂರಾಮ್ ಬೀಗದೊಂದಿಗೆ ಬಂತು. ದುಡ್ಡು ಕೊಟ್ಟು ಕೊಂಡರೂ ಮೂರು ಸಲ ಮಾತ್ರ ಆಕ್ಟಿವೇಟ್ ಮಾಡಬಹುದಿತ್ತು. ಫಾರ್ಮ್ಯಾಟ್ ಹೊಡೆಸಿದರೆ ಒಂದು ಹೋಯಿತು, ಕಂಪ್ಯೂಟರ್ ಬದಲಿಸಿದರೆ ಇನ್ನೊಂದು. ಅಮೆಜಾನಿನಲ್ಲಿ ಗಿರಾಕಿಗಳು ಒಂದೇ ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಂಡರು, ಅಮೆರಿಕದ ಕೋರ್ಟಿನಲ್ಲಿ ದಾವೆಯೂ ಬಿತ್ತು. ಇಷ್ಟೆಲ್ಲ ಕಾವಲಿದ್ದ ಆಟವೇ ಆ ವರ್ಷ ಟೊರೆಂಟಿನಲ್ಲಿ ಅತಿ ಹೆಚ್ಚು ಕದಿಯಲಾದ ಆಟ ಎಂದು ಹೆಸರಾಯಿತು. ಎರಡನೆಯ ಸಂಗತಿ, ವಾರ್ಸಾದ ಈ ಗೆಳೆಯರ 'ಗುಡ್ ಓಲ್ಡ್ ಗೇಮ್ಸ್' ಎಂಬ ಅಂಗಡಿ ಪರೀಕ್ಷಾರ್ಥವಾಗಿ ಬಾಗಿಲು ತೆರೆಯಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ಗಾಗ್ ಎಂದರು. ಇಂಟರ್‌ಪ್ಲೇ, ಕೋಡ್‌ಮಾಸ್ಟರ್ಸ್ ಕಂಪನಿಗಳ ಹಳೆಯ ಆಟಗಳು. ಆಗ ಬೆಲೆ ಎರಡೇ ಬಗೆ: 5.99 ಡಾಲರ್ ಅಥವಾ 9.99 ಡಾಲರ್. ಬೀಗ ಇಲ್ಲವೇ ಇಲ್ಲ.

ಬೀಗ ಇಲ್ಲ ಅಂದರೆ ಏನೆಂದು ನನ್ನ ಗಿರಾಕಿಗಳಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ದುಡ್ಡು ಕಟ್ಟಿದ ಮೇಲೆ ಒಂದು ಸೆಟಪ್ ಫೈಲ್ ಸಿಗುತ್ತದೆ. ಅದನ್ನು ಪೆನ್ ಡ್ರೈವಿಗೆ ಹಾಕಿ, ಡಿವಿಡಿಗೆ ಬರೆದಿಡಿ, ಮಗಳ ಲ್ಯಾಪ್‌ಟಾಪಿಗೆ ಹಾಕಿ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳುವುದಿಲ್ಲ, ಇಂಟರ್‌ನೆಟ್ ಬೇಕಿಲ್ಲ, ನೀವು ಯಾರೆಂದು ವಿಚಾರಿಸುವುದಿಲ್ಲ. ಡಾಸ್ ಕಾಲದ ಆಟವಾದರೆ 'ಡಾಸ್‌ಬಾಕ್ಸ್' ಎಂಬ ಮುಕ್ತ ತಂತ್ರಾಂಶವನ್ನು ಜೊತೆಗೇ ಕಟ್ಟಿ, ಸೌಂಡ್ ಕಾರ್ಡ್ ಇತ್ಯಾದಿಗಳನ್ನೆಲ್ಲ ಮೊದಲೇ ಹೊಂದಿಸಿ ಕೊಟ್ಟಿರುತ್ತಾರೆ. ಹಿಂದೆ ಆಟಕ್ಕೆ ಕಾವಲಾಗಿದ್ದ ಕೈಪಿಡಿಯೂ ಪಿಡಿಎಫ್ ಆಗಿ ಬಿಟ್ಟಿ ಬರುತ್ತದೆ. ರೀಲೋಡೆಡ್ ಗುಂಪು ಏನು ಕೊಡುತ್ತಿತ್ತೋ ಅದನ್ನೇ ವೈರಸ್ ಇಲ್ಲದೆ, ರಸೀತಿಯೊಂದಿಗೆ, ಮಾಡಿದವರಿಗೆ ಪಾಲು ಕೊಟ್ಟು ಮಾರುವುದು. ಉಪಾಯವೆಲ್ಲ ಇಷ್ಟೇ.

ಕಷ್ಟವಿದ್ದದ್ದು ಹಳೆಯ ಆಟಗಳ ವಾರಸುದಾರರನ್ನು ಹುಡುಕುವುದರಲ್ಲಿ. 'ಸಿಸ್ಟಮ್ ಶಾಕ್ 2' 1999ರ ಆಟ. ತಯಾರಿಸಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ ಮರುವರ್ಷವೇ ಮುಚ್ಚಿತು, ಆಟ ಮಾರುಕಟ್ಟೆಯಿಂದ ಮಾಯವಾಯಿತು. 2012ರ ಹೊತ್ತಿಗೆ ಸ್ಟೀಫನ್ ಕಿಕ್ ಎಂಬ ಕಲಾವಿದ ಕೆಲಸ ಬಿಟ್ಟು ಮಧ್ಯ ಅಮೆರಿಕದಲ್ಲಿ ಅಲೆಯುತ್ತಿದ್ದರು. ಗ್ವಾಟೆಮಾಲಾದಲ್ಲಿದ್ದಾಗ ಅವರಿಗೆ ಈ ಆಟ ಆಡುವ ಆಸೆಯಾಯಿತು. ಜೊತೆಗಿದ್ದ ಅಸಲಿ ಡಿಸ್ಕಿನ ಆಟ ಅವರ ಸಣ್ಣ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ. ಗಾಗ್‌ನಲ್ಲಿ ಹುಡುಕಿದರೆ ಅಲ್ಲೂ ಇಲ್ಲ. ಇದರ ಹಕ್ಕು ಈಗ ಯಾರದು ಎಂದು ಬೆನ್ನಟ್ಟಿ ಹೋದರೆ ಸಿಕ್ಕಿದ್ದು ಒಂದು ವಿಮಾ ಕಂಪನಿ! ಮುಳುಗಿದ ಸ್ಟುಡಿಯೋದ ಆಸ್ತಿ ಅವರ ಪಾಲಿಗೆ ಬಂದಿತ್ತು. ಕಿಕ್ ಆ ಕಂಪನಿಯ ಜೊತೆ ಮಾತಾಡಿ ಒಪ್ಪಂದ ಮಾಡಿಕೊಂಡರು, 'ನೈಟ್‌ಡೈವ್' ಎಂಬ ಸ್ವಂತ ಕಂಪನಿ ಕಟ್ಟಿದರು. 2013ರ ಫೆಬ್ರವರಿಯಲ್ಲಿ ಆಟ ಗಾಗ್‌ನಲ್ಲಿ ಮತ್ತೆ ಮಾರಾಟಕ್ಕೆ ಬಂತು. ನಡುವೆ ಅಷ್ಟು ವರ್ಷ ಅದು ಓಡುವಂತೆ ನೋಡಿಕೊಂಡವರು, ಯಾರಿಂದಲೂ ಕಾಸು ಪಡೆಯದೆ ಪ್ಯಾಚ್ ಬರೆದ ಅಭಿಮಾನಿಗಳು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಗಾಗ್‌ನವರು ದೇವತೆಗಳಲ್ಲ. 2010ರ ಸೆಪ್ಟೆಂಬರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿದೆವು ಎಂಬ ಅರ್ಥದ ಒಕ್ಕಣೆ ಹಾಕಿ ಮಾಯವಾದರು. ಕೆಲವೇ ದಿನಕ್ಕೆ ಸನ್ಯಾಸಿಗಳ ನಿಲುವಂಗಿ ತೊಟ್ಟು ಬಂದು, ಅದೆಲ್ಲ ಪ್ರಚಾರದ ಗಿಮಿಕ್ಕು, ಹೊಸ ರೂಪದಲ್ಲಿ ಬಂದಿದ್ದೇವೆ ಅಂದರು. ನನಗೆ ನಗು ಬರಲಿಲ್ಲ. ಸೆಟಪ್ ಫೈಲ್ ಇಳಿಸಿಕೊಳ್ಳದೆ ಇದ್ದವರಿಗೆ ಆ ನಾಲ್ಕು ದಿನ ನಿದ್ದೆ ಬಂದಿರಲಾರದು. 2011ರ ಮೇ ತಿಂಗಳಲ್ಲಿ ಸಿಡಿ ಪ್ರಾಜೆಕ್ಟಿನವರು ತಾವೇ ತಯಾರಿಸಿದ ಆಟ 'ದಿ ವಿಚರ್ 2' ಬಿಟ್ಟಾಗ ಗಾಗ್‌ನಲ್ಲಿ ಬೀಗವಿಲ್ಲದೆ ಕೊಟ್ಟರು, ಡಬ್ಬಿಯಲ್ಲಿ ಸೆಕ್ಯೂರಾಮ್ ಇತ್ತು. ಬೀಗವಿದ್ದ ಪ್ರತಿಯೇ ನಿಧಾನ ಓಡುತ್ತದೆಂದು ದೂರು ಬಂದಾಗ ಅದೇ ತಿಂಗಳ ಪ್ಯಾಚಿನಲ್ಲಿ ಅದನ್ನೂ ಕಿತ್ತುಹಾಕಿದರು, ವಿತರಕರಾದ ನಾಮ್ಕೊ ಬಂದಾಯ್ ಕೋರ್ಟಿಗೆ ಹೋದರು. ಅಷ್ಟು ಧೈರ್ಯ ತೋರಿದ ಇದೇ ಕಂಪನಿ ಜರ್ಮನಿಯಲ್ಲಿ ನಕಲು ಮಾಡಿದವರೆಂಬ ಶಂಕೆಯ ಮೇಲೆ ಜನರಿಗೆ ದುಡ್ಡು ಕಟ್ಟಿ ಎಂದು ವಕೀಲರ ಪತ್ರ ಕಳಿಸಿ, ಗಲಾಟೆಯಾದ ಮೇಲೆ 2012ರ ಜನವರಿಯಲ್ಲಿ ನಿಲ್ಲಿಸಿತು. 2020ರ ಡಿಸೆಂಬರಿನಲ್ಲಿ ಚೀನಾದ ಅಧ್ಯಕ್ಷರನ್ನು ಲೇವಡಿ ಮಾಡಿತ್ತೆಂದು ವಿವಾದಕ್ಕೆ ಸಿಕ್ಕಿದ್ದ ತೈವಾನಿನ 'ಡಿವೋಷನ್' ಆಟವನ್ನು ಗಾಗ್‌ನಲ್ಲಿ ಮಾರುತ್ತೇವೆ ಎಂದು ಘೋಷಿಸಿ, ಅದೇ ದಿನ ಇಲ್ಲ ಅಂದರು. ಆಟ ಮಾಡಿದ ರೆಡ್ ಕ್ಯಾಂಡಲ್ ತಂಡ ಮರುವರ್ಷ ತನ್ನದೇ ಅಂಗಡಿ ತೆರೆದು ಬೀಗವಿಲ್ಲದೆ ಮಾರಿತು. 2021ರಲ್ಲಿ ಗಾಗ್‌ಗೆ 'ಹಿಟ್‌ಮನ್' ಆಟ ಬಂತು. ನೆಟ್ ಇಲ್ಲದಿದ್ದರೆ ಅದರಲ್ಲಿ ಹಲವು ಭಾಗ ಸಿಗವು. ಗಿರಾಕಿಗಳು ಜಗಳಕ್ಕೇ ನಿಂತರು, ಕೊನೆಗೆ ಆಟವನ್ನು ತೆಗೆದರು. ಜಗಳವಾಡುವ ಗಿರಾಕಿ ಇರುವವರೆಗೆ ಅಂಗಡಿ ನೆಟ್ಟಗಿರುತ್ತದೆ.

ಉಳಿದ ಕಡೆ ಬೀಗ ಇನ್ನಷ್ಟು ಬಿಗಿಯಾಗಿದೆ. 2015ರಲ್ಲಿ ವಿಂಡೋಸ್ 10 ಬಂದಾಗ ಸುರಕ್ಷತೆಯ ಕಾರಣಕ್ಕೆ ಸೇಫ್‌ಡಿಸ್ಕ್ ಮತ್ತು ಸೆಕ್ಯೂರಾಮಿನ ಹಳೆಯ ಆವೃತ್ತಿಗಳಿಗೆ ಬಾಗಿಲು ಹಾಕಿತು. ಜನ ಜೋಪಾನವಾಗಿಟ್ಟಿದ್ದ, ಆ ಬೀಗಗಳಿದ್ದ ಅಸಲಿ ಡಿಸ್ಕುಗಳು ಒಂದೇ ಏಟಿಗೆ ಕೆಲಸಕ್ಕೆ ಬಾರದ ಬಿಲ್ಲೆಗಳಾದವು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ 'ದಿ ಕ್ರ್ಯೂ' ಎಂಬ ಕಾರು ಓಟದ ಆಟದ ಸರ್ವರ್ ನಿಲ್ಲಿಸಿತು. ಒಬ್ಬರೇ ಕೂತು ಆಡುವ ಭಾಗವೂ ಅದರೊಂದಿಗೇ ಸತ್ತಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಹೊಸ ಕಾನೂನು ಮಾಡಿ, ಕೊಡುತ್ತಿರುವುದು ಬಳಸುವ ಪರವಾನಗಿ ಮಾತ್ರ ಆಗಿದ್ದರೆ ಹಾಗೆಂದು ಸ್ಪಷ್ಟವಾಗಿ ಬರೆಯಿರಿ ಎಂದಿತು. ಮೊದಲೇ ಇಳಿಸಿಕೊಂಡು ನೆಟ್ ಇಲ್ಲದೆಯೂ ಶಾಶ್ವತವಾಗಿ ಬಳಸಬಹುದಾದ ಮಾಲಿಗೆ ಆ ಕಾನೂನಿನಲ್ಲೇ ವಿನಾಯಿತಿ ಇದೆ.

ಆದ್ದರಿಂದ ನನ್ನಲ್ಲಿಗೆ ಬರುವ ಹುಡುಗರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಬೀಗವಿಲ್ಲದ ಅಂಗಡಿಯಲ್ಲಿ ಕೊಂಡು, ಆಟವನ್ನು ಅವರ ಖಾತೆಯಲ್ಲೇ ಬಿಟ್ಟು ಕೂತರೆ ಬೀಗವಿದ್ದ ಅಂಗಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಅಂಗಡಿ ಮುಚ್ಚಿದ ದಿನ ಖಾತೆಯೂ ಮುಚ್ಚುತ್ತದೆ. ಕೊಂಡ ದಿನವೇ ಸೆಟಪ್ ಫೈಲ್ ಇಳಿಸಿಕೊಳ್ಳಿ. ಹೊರಗಿನ ಹಾರ್ಡ್ ಡಿಸ್ಕ್ ಒಂದರಲ್ಲಿ ಇಡಿ, ಇನ್ನೊಂದರಲ್ಲಿ ಅದರ ಪ್ರತಿ ಇಡಿ. ಹಾರ್ಡ್ ಡಿಸ್ಕ್ ಸಾಯುವುದಿಲ್ಲ ಎಂದು ಮಾತ್ರ ನಂಬಬೇಡಿ, ನನ್ನ ಅಂಗಡಿ ನಡೆಯುವುದೇ ಅವು ಸಾಯುವುದರಿಂದ.