ಉರುಳುವ ಚೆಂಡಿನ ಪಾಠ

ಚೆಂಡನ್ನು ಎಸೆದು ಹಿಡಿಯುವ ಮೊದಲು ಮಗು ಉರುಳಿಸಲು ಕಲಿಯುತ್ತದೆ. ನೆಲದ ಮೇಲೆ ಎದುರುಬದುರು ಕುಳಿತು ಇತ್ತಲಿಂದ ತಳ್ಳುವುದು, ಅತ್ತಲಿಂದ ಬರುವುದಕ್ಕೆ ಕಾಯುವುದು. ಇದನ್ನು ಪಾಠವೆಂದು ಗಂಭೀರವಾಗಿ ತೆಗೆದುಕೊಂಡವನು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್.

1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ಆತ ಚಿಕ್ಕಮಕ್ಕಳ ಆಟಿಕೆಗಳ ಕೆಲಸ ಶುರುಮಾಡಿದ. 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಕೊಟ್ಟ. ಅವನ ಮೊದಲ ‘ಕೊಡುಗೆ’ ಆರು ಬಣ್ಣದ ಉಣ್ಣೆ ಚೆಂಡುಗಳು. ಎರಡನೆಯದರಲ್ಲಿ ಮರದ ಗೋಲ ಮತ್ತು ಘನ. ಗೋಲ ಉರುಳುತ್ತದೆ, ಘನ ನಿಲ್ಲುತ್ತದೆ. ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ, ಮಗುವಿನ ಕೈಗೇ ತಿಳಿಯುತ್ತದೆ.

ಜರ್ಮನ್ನಿನ ‘ಬಾಲ್’ ಪದದೊಳಗೆ ಫ್ರೋಬೆಲ್‌ಗೆ ‘ಆಲ್’, ಅಂದರೆ ಸಮಸ್ತವೂ, ಕೇಳಿಸುತ್ತಿತ್ತು. ಭಾಷಾಶಾಸ್ತ್ರ ಓದಿದ ನನಗೆ ಆ ವ್ಯುತ್ಪತ್ತಿ ಒಪ್ಪಿಗೆಯಾಗದು. ಆದರೆ ಮಗುವಿಗೆ ಜಗತ್ತು ಚೆಂಡಿನಿಂದ ಶುರುವಾಗುತ್ತದೆ ಎಂಬ ಅವನ ಮಾತನ್ನು ತಳ್ಳಿಹಾಕಲಾರೆ.

ಪ್ರಷ್ಯಾ ಸರ್ಕಾರ ತಳ್ಳಿಹಾಕಿತು. ನಾಸ್ತಿಕತೆ, ಸಮಾಜವಾದ ಬಿತ್ತುತ್ತವೆಂದು 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಸೋದರನ ಮಗ ಕಾರ್ಲ್‌ನ ವಿಚಾರಗಳನ್ನು ಇವನ ತಲೆಗೆ ಕಟ್ಟಿದ್ದೂ ಅದಕ್ಕೊಂದು ಕಾರಣ. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.

ಚೆಂಡು ಉರುಳಿಸಿದ ಮಗು ಕಲಿಯುವುದು ಇಷ್ಟೇ: ಎದುರಿಗೆ ಇನ್ನೊಬ್ಬರಿದ್ದಾರೆ, ಈಗ ಅವರ ಸರದಿ. ಅಧಿಕಾರಕ್ಕೆ ಅದೂ ಅಪಾಯವೆನಿಸಿತ್ತು.