ಜನವರಿ ಇಪ್ಪತ್ತಾರನೆಯ ತಾರೀಖು

ತಾಳೆಯ ಮರದ ಮೇಲೆ ಕಾಗೆಯೊಂದು ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣೊಂದು ಕಳಚಿ ಬಿದ್ದರೆ, ಕಾಗೆಯೇ ಹಣ್ಣನ್ನು ಬೀಳಿಸಿತೆಂದು ನೋಡಿದವನು ನಂಬುವನು. ಇದನ್ನು ನಮ್ಮ ಶಾಸ್ತ್ರಕಾರರು ಕಾಕತಾಳೀಯ ನ್ಯಾಯವೆಂದು ಕರೆದರು. ಹುಳುವು ಮರವನ್ನು ಕೊರೆಯುತ್ತ ಹೋದಂತೆ ಅಲ್ಲಲ್ಲಿ ಅಕ್ಷರದ ಆಕಾರವು ಮೂಡುವುದುಂಟು; ಆದರೆ ಹುಳುವು ಓದುಬರಹ ಬಲ್ಲುದಲ್ಲ. ಇದು ಘುಣಾಕ್ಷರ ನ್ಯಾಯ. ಒಂದೇ ತಾರೀಖಿನಲ್ಲಿ ನಡೆದ ಸಂಗತಿಗಳನ್ನು ಪೋಣಿಸಿ ಬೆರಗಾಗುವ ಅಭ್ಯಾಸವು ದಿನಪತ್ರಿಕೆಗಳಲ್ಲಿ ಬಹಳವಾಗಿರುವುದರಿಂದ, ಈ ಎರಡು ನ್ಯಾಯಗಳನ್ನು ಮುಂದಿಟ್ಟುಕೊಂಡು ಹೊರಡುವುದು ಕ್ಷೇಮ.

ನಾನು ಎತ್ತಿಕೊಂಡಿರುವ ತಾರೀಖು ಜನವರಿ ಇಪ್ಪತ್ತಾರು. ಕಾರಣವು ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಉಪಾಧ್ಯಾಯನಾಗಿದ್ದ ನಾನು ಪ್ರತಿ ವರ್ಷವೂ ಆ ದಿನ ಧ್ವಜದ ಕೆಳಗೆ ನಿಂತು ಮಕ್ಕಳಿಗೆ ದೆಹಲಿಯ ವಿಷಯವನ್ನು ಹೇಳಿದೆನು. ಅದೇ ತಾರೀಖಿನಲ್ಲಿ ನಮ್ಮ ತಾಲ್ಲೂಕಿನಲ್ಲಿಯೇ ಹುಟ್ಟಿದ ಕವಿಯ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಮರೆತುದಲ್ಲ, ಕವಿಯ ಪದ್ಯಗಳನ್ನು ಅದೇ ಮಕ್ಕಳಿಗೆ ಪಾಠ ಹೇಳಿದ್ದೆನು. ಎರಡನ್ನೂ ಕೂಡಿಸಿ ನೋಡಬೇಕೆಂಬುದು ಹೊಳೆಯಲೇ ಇಲ್ಲ. ಈ ಬರಹವು ಆ ಲೋಪಕ್ಕೆ ನಾನು ಮಾಡಿಕೊಳ್ಳುತ್ತಿರುವ ಪ್ರಾಯಶ್ಚಿತ್ತವೆಂದು ವಾಚಕರು ಭಾವಿಸಬಹುದು.

ಮೊದಲು ತಾರೀಖಿನ ಸ್ವರೂಪವನ್ನೇ ಸ್ವಲ್ಪ ವಿಚಾರಿಸೋಣ. ನಮ್ಮ ಹಿರಿಯರು ಜನನಕ್ಕೂ ಶ್ರಾದ್ಧಕ್ಕೂ ತಿಥಿಯನ್ನು ಹಿಡಿದರು. ತಿಥಿಯು ಚಂದ್ರನನ್ನು ಅನುಸರಿಸುವುದು. ತಾರೀಖು ಸೂರ್ಯನನ್ನು ಅನುಸರಿಸುವುದು. ಆದುದರಿಂದ ಒಂದೇ ತಾರೀಖಿನಲ್ಲಿ ಹುಟ್ಟಿದವರ ತಿಥಿಗಳು ಬೇರೆ ಬೇರೆ. ತಾರೀಖಾದರೂ ಎಂದೆಂದಿಗೂ ಒಂದೇ ಲೆಕ್ಕದಲ್ಲಿ ನಡೆದುಬಂದುದಲ್ಲ. ತಾಳಿಕೋಟೆಯ ಯುದ್ಧವು 1565ನೆಯ ಜನವರಿ 23ರಂದು ನಡೆಯಿತೆಂದು ಬರೆಯುವರಷ್ಟೆ. ಅದು ಹಳೆಯ ರೋಮನ್ ಪಂಚಾಂಗದ ಲೆಕ್ಕ. 1582ರಲ್ಲಿ ಪೋಪ್ ಗ್ರೆಗೊರಿಯು ತಿದ್ದಿದ ಪಂಚಾಂಗಕ್ಕೆ ಅದನ್ನು ತಂದರೆ ಹತ್ತು ದಿನ ಸೇರಿ ಫೆಬ್ರವರಿ 2 ಆಗುವುದು. ವಿಜಯನಗರದ ಪತನವನ್ನು ಗಣರಾಜ್ಯೋತ್ಸವದ ಸಮೀಪಕ್ಕೆ ಎಳೆದುತಂದು ಭಾಷಣ ಮಾಡುವವರು ಇದನ್ನು ಗಮನಿಸುವುದಿಲ್ಲ.

ಹೊರದೇಶದ ಸಂಗತಿಗಳನ್ನು ಬೇಗನೆ ದಾಟಿಬಿಡುತ್ತೇನೆ. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಎಂಬವನು ಇಂಗ್ಲೆಂಡಿನ ಕೈದಿಗಳನ್ನು ಹೊತ್ತ ಹಡಗುಗಳೊಡನೆ ಸಿಡ್ನಿಯಲ್ಲಿ ಬಾವುಟವನ್ನು ನೆಟ್ಟನು. ಅಮೆರಿಕದ ವಸಾಹತುಗಳು ಕೈಬಿಟ್ಟುದರಿಂದ ಕೈದಿಗಳನ್ನು ಸಾಗಿಸಲು ಬೇರೆ ನೆಲ ಬೇಕಾಗಿದ್ದಿತು. ಆ ಅಮೆರಿಕದಲ್ಲಿ 1781ರಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ನಮ್ಮ ಶ್ರೀರಂಗಪಟ್ಟಣವನ್ನು ಮುತ್ತಿದವನೆಂಬುದನ್ನು ನೆನೆದರೆ ಪ್ರಪಂಚವು ಎಷ್ಟು ಚಿಕ್ಕದೆನಿಸುವುದು. 1823ರಲ್ಲಿ ಇದೇ ತಾರೀಖಿನಂದು ಸಿಡುಬಿಗೆ ದಾಕು ಹಾಕುವ ಉಪಾಯವನ್ನು ಲೋಕಕ್ಕೆ ಕೊಟ್ಟ ಎಡ್ವರ್ಡ್ ಜೆನ್ನರನು ತೀರಿಕೊಂಡನು. ಥಾಮಸ್ ಹಿಕಿ ಎಂಬ ಚಿತ್ರಗಾರನು 1805ರ ಸುಮಾರಿನಲ್ಲಿ ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಅದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ದಾಕು ಹಾಕಿಸಿಕೊಂಡುದನ್ನು ಪ್ರಜೆಗಳಿಗೆ ತಿಳಿಸುವುದಕ್ಕಾಗಿ ಎಂದು ಇತಿಹಾಸಜ್ಞರೊಬ್ಬರು ಊಹಿಸಿದ್ದಾರೆ. ಊಹೆಯು ನನಗೆ ಒಪ್ಪಿಗೆಯಾಗಿದೆ. ರಾಣೀವಾಸದವರು ಪರದೇಶದ ಚಿತ್ರಗಾರನ ಮುಂದೆ ಕುಳಿತುದಕ್ಕೆ ಬಲವಾದ ಕಾರಣವಿದ್ದಿರಬೇಕು.

ಈಗ ನಂದಗಡಕ್ಕೆ ಬರೋಣ. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರನು ಸಂತಾನವಿಲ್ಲದೆ ಮಡಿದಾಗ, ದತ್ತು ಪುತ್ರನನ್ನು ಕಂಪೆನಿ ಸರ್ಕಾರದವರು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕಾಲವಾದಳು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಕಂಪೆನಿಯವರು ಭಾವಿಸಿದ್ದಾಗ, ಸಂಗೊಳ್ಳಿಯ ರಾಯಣ್ಣನು ಆ ದತ್ತು ಪುತ್ರನಿಗೆ ಗಾದಿಯನ್ನು ದೊರಕಿಸಬೇಕೆಂದು ಎದ್ದನು. ಅವನು ದೊರೆಯಲ್ಲ, ದೇಸಾಯಿಯಲ್ಲ. ಕಿತ್ತೂರಿನ ಕೆಳದರ್ಜೆಯ ಸೇವಕ. ಕಾಡನ್ನು ಆಶ್ರಯಿಸಿ, ಸರ್ಕಾರದ ಕಛೇರಿಗಳನ್ನು ಸುಟ್ಟು, ತಿಂಗಳುಗಟ್ಟಲೆ ಸೈನ್ಯವನ್ನು ಆಟವಾಡಿಸಿದನು. 1830ರ ಏಪ್ರಿಲಿನಲ್ಲಿ ತನ್ನವರೇ ಹಿಡಿದುಕೊಟ್ಟುದರಿಂದ ಸೆರೆಸಿಕ್ಕಿದನು. 1831ರ ಜನವರಿ 26, ಬುಧವಾರ, ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಬಳಿಯ ಆಲದ ಮರಕ್ಕೆ ಜನರು ಇಂದಿಗೂ ಕೈಮುಗಿಯುವರು. ಲಾವಣಿಗಳಲ್ಲಿ ಅವನ ಕಥೆಯು ನಡೆದುಬಂದಿದೆ.

ಅವನ ಜನನವು 1798ನೆಯ ಆಗಸ್ಟ್ 15 ಎಂದು ಹೇಳುವುದು ರೂಢಿ. ಹುಟ್ಟಿದ್ದು ಸ್ವಾತಂತ್ರ್ಯದ ದಿನ, ಮಡಿದದ್ದು ಗಣರಾಜ್ಯದ ದಿನ ಎಂದು ಕೇಳಿದೊಡನೆ ರೋಮಾಂಚವಾಗುವುದು ಸಹಜವೇ. ಆದರೆ ಆ ಕಾಲದ ಹಳ್ಳಿಯ ಮನೆಯಲ್ಲಿ ಮಗುವು ಹುಟ್ಟಿದರೆ ನೆನಪಿಟ್ಟುಕೊಳ್ಳುತ್ತಿದ್ದುದು ಹಬ್ಬವನ್ನೋ ಮಳೆಯ ನಕ್ಷತ್ರವನ್ನೋ ಹೊರತು ಇಂಗ್ಲಿಷ್ ತಾರೀಖನ್ನಲ್ಲ. ಗಲ್ಲಿನ ತಾರೀಖಾದರೋ ಆಳುವವರ ಲೆಕ್ಕದ್ದು. ತಾವು ಕೊಂದವನ ದಿನವನ್ನು ಅವರೇ ಬರೆದಿಡುತ್ತಿದ್ದರು. ಆದುದರಿಂದ ಮರಣದ ದಿನವನ್ನು ನಾನು ಗಟ್ಟಿಯಾಗಿ ಹಿಡಿಯುತ್ತೇನೆ, ಜನನದ ದಿನವನ್ನು ಭಕ್ತಿಯಿಂದ ಕೇಳಿಕೊಳ್ಳುತ್ತೇನೆ. ಅದೇ 1831ರಲ್ಲಿ, ನಗರದ ದಂಗೆಯನ್ನು ನೆಪಮಾಡಿಕೊಂಡು, ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡನು. ಅದು ಮರಳಿದ್ದು ಐವತ್ತು ವರ್ಷಗಳ ಮೇಲೆ, 1881ರ ಮಾರ್ಚ್ 25ರಂದು.

ಕಿಕ್ಕೇರಿಯು ಹಳೆಯ ಊರು. ಹೊಯ್ಸಳರ ಕಾಲದಲ್ಲಿ, 1171ರಲ್ಲಿ, ಬಮ್ಮವೆ ನಾಯಕಿತಿ ಎಂಬ ಹೆಂಗಸು ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯವು ಅಲ್ಲಿರುವುದು. ಈ ಊರಿನಲ್ಲಿ 1915ನೆಯ ಜನವರಿ 26, ಮಂಗಳವಾರ, ಕೆ. ಎಸ್. ನರಸಿಂಹಸ್ವಾಮಿಗಳು ಜನಿಸಿದರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಇನ್ನೂ ಮೂರು ತಿಂಗಳಿಗೆ ಮೇಲೆ ಉಳಿದಿದ್ದಿತು. ಸಂವತ್ಸರವು ಆನಂದ. ದಾಂಪತ್ಯದ ಸುಖವನ್ನು ಹಾಡಿದ ಕವಿಯು ಆನಂದ ಸಂವತ್ಸರದಲ್ಲಿ ಹುಟ್ಟಿದುದು ಎಷ್ಟು ಉಚಿತವೆಂದು ನಾನು ಬರೆದುಬಿಡುತ್ತಿದ್ದೆನು. ಆದರೆ ಅದೇ ಲೆಕ್ಕದಿಂದ ನಮ್ಮ ಗಣರಾಜ್ಯವು ಹುಟ್ಟಿದ್ದು ವಿರೋಧಿ ಸಂವತ್ಸರದಲ್ಲಿ. ಆದುದರಿಂದ ಕೈತಡೆದೆನು.

ಇವರ ಮೊದಲ ಕವನಸಂಗ್ರಹವಾದ 'ಮೈಸೂರು ಮಲ್ಲಿಗೆ'ಯು 1942ರಲ್ಲಿ ಪ್ರಕಟವಾಯಿತು. ದೇಶದಲ್ಲಿ 'ಭಾರತ ಬಿಟ್ಟು ತೊಲಗಿ' ಎಂಬ ಘೋಷಣೆ, ಹೊರಗೆ ಮಹಾಯುದ್ಧ. ಅಂಥ ವರ್ಷದಲ್ಲಿ ಹೆಂಡತಿಯ ತವರೂರು, ಬಳೆಗಾರ, ಮನೆಯ ದೀಪ ಇವುಗಳನ್ನು ಕುರಿತ ಪುಸ್ತಕವು ಬಂದಿತು. ಕಾಲದ ಕಷ್ಟಕ್ಕೆ ಕವಿಯು ಕಿವಿಗೊಡಲಿಲ್ಲವೆಂದು ಆಕ್ಷೇಪಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮದುವೆಯ ಮನೆಗಳಲ್ಲಿ ಆ ಪುಸ್ತಕವನ್ನು ಉಡುಗೊರೆಯಾಗಿ ಕೊಟ್ಟ ಜನರು ಹಸಿವನ್ನೂ ಸೆರೆಮನೆಯನ್ನೂ ಅರಿಯದವರೇನೂ ಆಗಿರಲಿಲ್ಲ. ಮುಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರ ಕಂಠದಿಂದ ಅಕ್ಷರ ಬಾರದವರಿಗೂ ಆ ಪದ್ಯಗಳು ದೊರೆತವು. 'ತೆರೆದ ಬಾಗಿಲು' ಕೃತಿಗೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವು ಬಂದಿತು. 1990ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2003ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇವರು ಹುಟ್ಟಿದ ಕಾಲಕ್ಕೆ ಈ ತಾರೀಖಿಗೆ ದೇಶದಲ್ಲಿ ಯಾವ ಮಹತ್ವವೂ ಇರಲಿಲ್ಲ. ಅದು ಬಂದದ್ದು ಇವರಿಗೆ ಹದಿನೈದು ತುಂಬಿದ ದಿನ. 1929ರ ಡಿಸೆಂಬರಿನಲ್ಲಿ ಲಾಹೋರಿನ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಮಾಡಿತು. ಊರೂರಿನಲ್ಲಿ ಜನರು ಪ್ರತಿಜ್ಞೆ ಮಾಡಲು 1930ರ ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಮಾಡಿದರು. ಅದು 26ನೆಯ ತಾರೀಖು. ಬಿಡುವಿನ ದಿನವೆಂಬುದೇ ಮುಖ್ಯ ಕಾರಣವಾಗಿದ್ದಿರಬೇಕು. ರಾಯಣ್ಣನ ಗಲ್ಲನ್ನು ಲಾಹೋರಿನಲ್ಲಿ ಯಾರೂ ನೆನೆದಿರಲಾರರು. ಸಂವಿಧಾನವನ್ನು 1949ರ ನವೆಂಬರ್ 26ರಂದೇ ಅಂಗೀಕರಿಸಿದ್ದರೂ ಅದನ್ನು ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದುದು ಆ ಭಾನುವಾರದ ನೆನಪಿಗಾಗಿ. ಇಲ್ಲಿ ಕಾಗೆಯೂ ಇಲ್ಲ, ತಾಳೆಯ ಹಣ್ಣೂ ಇಲ್ಲ; ತಿಳಿದವರು ತಿಳಿದು ಆರಿಸಿದ ದಿನವಿದು.

ಮೈಸೂರಿನವರಾದ ನಮಗೆ ಆ ಗುರುವಾರದ ಅರ್ಥವು ಇನ್ನೂ ಒಂದಿದ್ದಿತು. ದೆಹಲಿಯಲ್ಲಿ ಬೆಳಗ್ಗೆ ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ ಗಣರಾಜ್ಯವನ್ನು ಘೋಷಿಸಿದರು. ಅದೇ ದಿನ ಜಯಚಾಮರಾಜೇಂದ್ರ ಒಡೆಯರು ಹೊಸ ಸಂವಿಧಾನದಂತೆ ಮೈಸೂರು ರಾಜ್ಯದ ರಾಜಪ್ರಮುಖರಾದರು. ಅರಮನೆಯೂ ಅದೇ, ಪ್ರಭುವೂ ಅವರೇ. ಅಧಿಕಾರವು ಮಾತ್ರ ಈಗ ವಂಶದಿಂದಲ್ಲ, ಸಂವಿಧಾನದಿಂದ. ನಮ್ಮ ಕಡೆಯ ಮುದುಕರು ಮಾತ್ರ ಕೊನೆಯವರೆಗೂ 'ಮಹಾಸ್ವಾಮಿಯವರು' ಎಂದೇ ಹೇಳುತ್ತಿದ್ದರು. ನಂದಗಡವು ಆಗ ಮುಂಬಯಿ ಪ್ರಾಂತದಲ್ಲಿದ್ದಿತು. ರಾಯಣ್ಣನ ಆಲದ ಮರವೂ ಕಿಕ್ಕೇರಿಯೂ ಒಂದೇ ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು.

ಕಡೆಯದಾಗಿ 2015. ಆ ಜನವರಿ 26, ಸೋಮವಾರ, ನರಸಿಂಹಸ್ವಾಮಿಗಳು ಹುಟ್ಟಿ ಸರಿಯಾಗಿ ನೂರು ವರ್ಷ ತುಂಬಿತು. ಅದೇ ದಿನ ಸಾಯಂಕಾಲ ಪುಣೆಯಲ್ಲಿ ವ್ಯಂಗ್ಯಚಿತ್ರಗಾರ ಆರ್. ಕೆ. ಲಕ್ಷ್ಮಣರು ಕಣ್ಣುಮುಚ್ಚಿದರು. ಅವರು 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಮುಂಬಯಿಗೆ ಹೋಗಿ ಹೆಸರಾಗುವ ಮುಂಚೆ ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆಯುತ್ತಿದ್ದರು. ಆ ಪತ್ರಿಕೆಯು ಹೊರಟದ್ದೂ ಮೈಸೂರು ಮಲ್ಲಿಗೆಯ ವರ್ಷವಾದ 1942ರಲ್ಲಿಯೇ. ಒಬ್ಬರು ಮಧ್ಯಮವರ್ಗದ ಗೃಹಸ್ಥನ ಒಳಮನೆಯನ್ನು ಕಂಡರು. ಇನ್ನೊಬ್ಬರು ಅದೇ ಗೃಹಸ್ಥನಿಗೆ ಚೌಕಳಿಯ ಅಂಗಿಯನ್ನು ತೊಡಿಸಿ ಬೀದಿಯಲ್ಲಿ ಬಾಯಿಮುಚ್ಚಿಕೊಂಡು ನಿಲ್ಲುವಂತೆ ಮಾಡಿದರು. ಆ ವರ್ಷ ದೆಹಲಿಯ ಮೆರವಣಿಗೆಗೆ ಅಮೆರಿಕದ ಅಧ್ಯಕ್ಷ ಒಬಾಮರವರು ಅತಿಥಿಯಾಗಿ ಬಂದಿದ್ದರು. ನಾನು ಆ ಬೆಳಗ್ಗೆ ಧ್ವಜದ ಕೆಳಗೆ ನಿಂತು ಮಕ್ಕಳಿಗೆ ಹೇಳಿದ್ದು ಒಬಾಮರ ವಿಷಯವನ್ನು.