ನ್ಯಾನೋ ಸ್ಮೃತಿಕೋಶಗಳಲ್ಲಿ ರೋಧಪಲ್ಲಟ: ಒಂದು ಚಾರಿತ್ರಿಕ ಅವಲೋಕನ

ವಿದ್ಯುತ್ ರೋಧದ ಪಲ್ಲಟವನ್ನು ಆಧರಿಸಿದ ಸ್ಮೃತಿಕೋಶಗಳ ಚರಿತ್ರೆಯನ್ನು 2008ರಿಂದ ಆರಂಭಿಸುವುದು ರೂಢಿಯಾಗಿದೆ. ಆ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಸ್ಟ್ರುಕೋವ್, ಸ್ನೈಡರ್, ಸ್ಟೀವರ್ಟ್ ಮತ್ತು ವಿಲಿಯಮ್ಸ್ ಅವರು 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1971ರಲ್ಲಿ ಲಿಯೋನ್ ಚುವಾ ಗಣಿತದ ನೆಲೆಯಲ್ಲಿ ಪ್ರತಿಪಾದಿಸಿದ್ದ 'ಮೆಮ್ರಿಸ್ಟರ್' ಎಂಬ ಮಂಡಲಘಟಕವು ಟೈಟಾನಿಯಂ ಡೈಆಕ್ಸೈಡಿನ ತೆಳುಪದರದಲ್ಲಿ ದೊರೆತಿದೆಯೆಂಬುದು ಅವರ ನಿಲುವು. ಆದರೆ ಪ್ರಾಯೋಗಿಕ ದಾಖಲೆಗಳು ಬೇರೊಂದು ಆರಂಭವನ್ನು ಸೂಚಿಸುತ್ತವೆ.

ಎರಡು ಲೋಹಪದರಗಳ ನಡುವೆ ಅವಾಹಕ ಆಕ್ಸೈಡಿನ ತೆಳುಪದರವನ್ನಿರಿಸಿ ತಕ್ಕ ವೋಲ್ಟೇಜ್ ನೀಡಿದರೆ ಅದರ ರೋಧ ಇಳಿಯುತ್ತದೆ; ಬೇರೊಂದು ವೋಲ್ಟೇಜಿಗೆ ಮತ್ತೆ ಏರುತ್ತದೆ. ವಿದ್ಯುತ್ ನಿಂತ ಮೇಲೂ ಆ ಸ್ಥಿತಿ ಉಳಿಯುವುದರಿಂದ ಇವೆರಡನ್ನು 0 ಮತ್ತು 1 ಎಂದು ಓದಬಹುದು. ಇಂತಹ ಪದರಗಳ ಅಸಹಜ ವರ್ತನೆಯನ್ನು 1962ರಲ್ಲಿಯೇ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟಿ. ಡಬ್ಲ್ಯು. ಹಿಕ್‌ಮಾಟ್ ವರದಿ ಮಾಡಿದ್ದರು. ವೋಲ್ಟೇಜ್ ಏರಿದಂತೆ ಪ್ರವಾಹ ಇಳಿಯುವ ಈ ವಿದ್ಯಮಾನವನ್ನು ಅವರು ಐದು ಆಕ್ಸೈಡುಗಳಲ್ಲಿ ಕಂಡಿದ್ದರು; ಟೈಟಾನಿಯಂ ಆಕ್ಸೈಡ್ ಅವುಗಳಲ್ಲೊಂದು. 1964ರಲ್ಲಿ ಗಿಬ್ಬನ್ಸ್ ಮತ್ತು ಬೀಡಲ್ ನಿಕಲ್ ಆಕ್ಸೈಡಿನಲ್ಲಿ ರೋಧಪಲ್ಲಟವನ್ನು ದಾಖಲಿಸಿದರು. 1967ರಲ್ಲಿ ಸಿಮ್ಮನ್ಸ್ ಮತ್ತು ವರ್ಡರ್ಬರ್ ಅದರ ಸ್ಮೃತಿಗುಣವನ್ನು ಸ್ಪಷ್ಟವಾಗಿ ನಿರೂಪಿಸಿದರು. 1968ರಲ್ಲಿ ಎಫ್. ಆರ್ಗಾಲ್ ಅವರ ಅಧ್ಯಯನ ಟೈಟಾನಿಯಂ ಆಕ್ಸೈಡಿನ ರೋಧಪಲ್ಲಟವನ್ನೇ ಕುರಿತದ್ದು.

ಹೀಗಿದ್ದೂ ಈ ಸಂಶೋಧನೆ ಹಿನ್ನೆಲೆಗೆ ಸರಿಯಲು ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಪದರಗಳು ಮಾದರಿಯಿಂದ ಮಾದರಿಗೆ ಭಿನ್ನವಾಗಿ ವರ್ತಿಸುತ್ತಿದ್ದುದು. ಪದರದೊಳಗೆ ಸೂಕ್ಷ್ಮವಾದ ವಾಹಕ ಎಳೆಗಳು ಮೂಡಿ ಕಡಿಯುತ್ತವೆಂಬ ವಿವರಣೆಯನ್ನು ಡಿಯರ್ನಲಿ, ಸ್ಟೋನ್‌ಹ್ಯಾಮ್ ಮತ್ತು ಮಾರ್ಗನ್ ಅವರ 1970ರ ಸಮೀಕ್ಷೆ ಚರ್ಚಿಸಿತ್ತು. ಆ ಎಳೆಗಳನ್ನು ನೇರವಾಗಿ ಕಾಣುವ ಉಪಕರಣಗಳು ಆಗ ಇರಲಿಲ್ಲ. ಎರಡನೆಯದು, ಅದೇ ವರ್ಷ ಇಂಟೆಲ್‌ನ 1103 ಸ್ಮೃತಿಬಿಲ್ಲೆ ಮಾರುಕಟ್ಟೆಗೆ ಬಂದು, ಸಿಲಿಕಾನ್ ಸ್ಮೃತಿಯ ಮಾರ್ಗ ಭದ್ರವಾದುದು.

ಕೋಶ ಕಿರಿದಾದಂತೆ ಅದರಲ್ಲಿ ಹಿಡಿದಿಡಬಹುದಾದ ವಿದ್ಯುದಂಶವೂ ಕುಗ್ಗುವ ತೊಡಕು ಎದುರಾದಾಗ ರೋಧಪಲ್ಲಟ ಮರಳಿ ಗಮನ ಸೆಳೆಯಿತು. 2000ದಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯ ಮತ್ತು ಹ್ಯೂಸ್ಟನ್ ವಿಶ್ವವಿದ್ಯಾಲಯದ ಫಲಿತಾಂಶಗಳೂ 2004ರಲ್ಲಿ ಸ್ಯಾಮ್‌ಸಂಗ್‌ನ ನಿಕಲ್ ಆಕ್ಸೈಡ್ ಕೋಶಗಳೂ ಪ್ರಕಟವಾದವು. 2010ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಟೈಟಾನಿಯಂ ಡೈಆಕ್ಸೈಡಿನೊಳಗೆ ಆಕ್ಸಿಜನ್ ಕೊರತೆಯಿಂದ ಉಂಟಾದ ಕೆಲವೇ ನ್ಯಾನೋಮೀಟರ್ ಅಗಲದ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. 1970ರ ಊಹೆಗೆ ಪ್ರತ್ಯಕ್ಷ ಆಧಾರ ಒದಗಿತು. 2013ರಲ್ಲಿ ಪ್ಯಾನಾಸೋನಿಕ್ ಈ ಬಗೆಯ ಸ್ಮೃತಿಯುಳ್ಳ ಮೈಕ್ರೋಕಂಟ್ರೋಲರುಗಳ ಬೃಹತ್ ಉತ್ಪಾದನೆ ಆರಂಭಿಸಿತು.

ಅನೇಕ ನ್ಯಾನೋ ಸಾಧನಗಳಲ್ಲಿ ಮೊದಲೇ ಕಂಡುಬಂದಿದ್ದ ವರ್ತನೆಗೆ ತಮ್ಮ ಮಾದರಿ ತಳಹದಿಯಾಗುತ್ತದೆಂದು 2008ರ ಲೇಖಕರೇ ಹೇಳಿದ್ದಾರೆಂಬುದು ಇಲ್ಲಿ ಗಮನಾರ್ಹ. ಅವರ ಸಾಧನ ಚುವಾ ಅವರ ಆದರ್ಶ ಘಟಕವೇ ಅಹುದೇ ಎಂಬ ಚರ್ಚೆಯೂ ನಡೆದಿದೆ. ಆದ್ದರಿಂದ ಆ ವರ್ಷವನ್ನು ಈ ವಿದ್ಯಮಾನದ ಶೋಧದ ವರ್ಷವೆನ್ನದೆ, ಹಳೆಯ ಅವಲೋಕನಕ್ಕೆ ಹೆಸರೂ ಸೈದ್ಧಾಂತಿಕ ಚೌಕಟ್ಟೂ ದೊರೆತ ವರ್ಷವೆನ್ನುವುದು ಉಚಿತ. ಹಿಕ್‌ಮಾಟ್ ಮತ್ತು ಆರ್ಗಾಲ್ ಅವರ ಪ್ರಯೋಗಗಳನ್ನು ಬಿಟ್ಟ ಚರಿತ್ರೆ ಅಪೂರ್ಣವಾಗುತ್ತದೆ.